ಮೈದಾನಕ್ಕಿಳಿದ ನಕ್ಷತ್ರ

ಆ ದಿನದ ಎಲ್ಲ ಪಜೀತಿಗೂ ಮೂಲ ವಿಜ್ಞಾನದ ಟೀಚರ ಗಂಟಲು. ಇನ್‌ಸ್ಪೆಕ್ಟರು ಬರುತ್ತಾರೆ, ಏಳನೇ ತರಗತಿಯ ವಿಜ್ಞಾನದ ಪಾಠವನ್ನೇ ಕೂತು ನೋಡುತ್ತಾರೆ ಎಂದು ತಿಳಿದ ಮೇಲೆ ಆಕೆ ವಾರವಿಡೀ ನಕ್ಷತ್ರಗಳ ಹುಟ್ಟುಸಾವನ್ನು ಮಕ್ಕಳಿಗೆ ಅರೆದು ಅರೆದು ಕುಡಿಸಿದ್ದರು. ನಕ್ಷತ್ರಗಳು ಹುಟ್ಟಿದವು, ಬೆಳೆದವು, ಸತ್ತವು. ಅವುಗಳ ಹಿಂದೆಯೇ ಟೀಚರ ದನಿಯೂ ಹೋಯಿತು. ಬೆಳಿಗ್ಗೆ ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಬಂದು ಬಾಯಿ ತೆರೆದರೆ, ತುಕ್ಕು ಹಿಡಿದ ಗೇಟು ತೆರೆದ ಹಾಗೆ ಒಂದು ಸದ್ದು ಬಂತೇ ಹೊರತು ಮಾತು ಬರಲಿಲ್ಲ.

“ಈಗ ಯಾರು ಖಾಲಿ ಇದ್ದೀರಿ?” ಎಂದರು ಮುಖ್ಯೋಪಾಧ್ಯಾಯಿನಿ. ಅವರನ್ನು ಎಲ್ಲರೂ ದೊಡ್ಡ ಮೇಡಂ ಎಂದೇ ಕರೆಯುವುದು.

ಸ್ಟಾಫ್ ರೂಮಿನಲ್ಲಿದ್ದ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಡ್ರಿಲ್ ಮೇಷ್ಟ್ರು ಹಳೆಯ ಫುಟ್‌ಬಾಲೊಂದಕ್ಕೆ ಗಾಳಿ ಹಾಕುತ್ತಿದ್ದರು.

ಡ್ರಿಲ್ ಮೇಷ್ಟ್ರು ಯಾವಾಗಲೂ ಖಾಲಿ. ಅದು ಅವರ ತಪ್ಪಲ್ಲ. ಆ ಶಾಲೆಯಲ್ಲಿ ಡ್ರಿಲ್ ಪೀರಿಯಡ್ ಎಂದರೆ ಬೀದಿಯ ನೀರಿನ ನಲ್ಲಿ ಇದ್ದ ಹಾಗೆ. ಯಾರಿಗೆ ಕೊರತೆಯಾದರೂ ಕೊಡ ತಂದು ಹಿಡಿಯುತ್ತಿದ್ದರು. ಏಳನೇ ತರಗತಿಯ ಕೊನೆಯ ಪೀರಿಯಡನ್ನು ಗಣಿತದ ಮೇಷ್ಟ್ರು “ಇವತ್ತೊಂದು ದಿನ ಕೊಡಿ” ಎಂದು ಕೇಳಿ ತೆಗೆದುಕೊಂಡದ್ದು ಈ ವರ್ಷ ಶಾಲೆ ಶುರುವಾದ ಹೊಸತರಲ್ಲಿ. ಆ ಒಂದು ದಿನ ಇನ್ನೂ ಮುಗಿದಿರಲಿಲ್ಲ. ದಿನವೂ ಕೊನೆಯ ಗಂಟೆಗೆ ಡ್ರಿಲ್ ಮೇಷ್ಟ್ರು ಚೆಂಡು ಹಿಡಿದು ಬಾಗಿಲವರೆಗೆ ಹೋಗುವರು. ಒಳಗೆ ಎ ಪ್ಲಸ್ ಬಿ ನಡೆದಿರುವುದು. ಮಕ್ಕಳು ಸೂರ್ಯಕಾಂತಿ ಹೂವಿನ ಹಾಗೆ ಚೆಂಡಿನ ಕಡೆ ಕತ್ತು ತಿರುಗಿಸುವರು. ಇವರು ಸುಮ್ಮನೆ ವಾಪಸ್ ಬರುವರು. ಆದರೂ ಚೆಂಡಿಗೆ ಗಾಳಿ ಹಾಕುವುದನ್ನು ಒಂದು ದಿನವೂ ತಪ್ಪಿಸಿದವರಲ್ಲ.

“ನಾನಾ ಮೇಡಂ? ನಕ್ಷತ್ರದ ವಿಷಯ ನನಗೆ ಗೊತ್ತಿರೋದು ಒಂದೇ. ಅವು ರಾತ್ರಿ ಬರ್ತವೆ.”

“ಅಷ್ಟಾದ್ರೂ ಗೊತ್ತಲ್ಲ. ಉಳಿದದ್ದು ಈಗ ಕಲೀರಿ. ಇನ್ಸ್‌ಪೆಕ್ಷನ್‌ಗೆ ಇನ್ನೂ ಒಂದು ಪೀರಿಯಡ್ ಟೈಮಿದೆ.”

ಡ್ರಿಲ್ ಮೇಷ್ಟ್ರು ಚೆಂಡನ್ನೊಮ್ಮೆ ನೋಡಿದರು. ಆಮೇಲೆ ಹುಟ್ಟಿದಾರಭ್ಯ ಮಾಡದ ಧೈರ್ಯ ಮಾಡಿದರು. “ಮಾಡ್ತೀನಿ ಮೇಡಂ. ಪಾಠ ಚೆನ್ನಾಗಾದ್ರೆ ಏಳನೇ ಕ್ಲಾಸಿನ ಕೊನೇ ಪೀರಿಯಡ್ ನನಗೆ ವಾಪಸ್ ಕೊಡ್ಸಬೇಕು. ಆ ಮಕ್ಕಳು ಓಡಿ ಎಷ್ಟು ದಿನ ಆಯ್ತು.”

“ಅಯ್ಯೋ, ನನ್ನ ಪೀರಿಯಡ್ಡಾ?” ಎಂದು ಗಣಿತದ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

“ಅದು ನಿಮ್ದು ಯಾವಾಗಾಯ್ತು ಸಾರ್?”

“ಉಳೋನೇ ಹೊಲದೊಡೆಯ ಅಲ್ವೇನ್ರೀ? ಇಷ್ಟು ದಿನ ಉತ್ತೋನು ನಾನು.”

“ನಿಲ್ಸಿ ಇಬ್ರೂ,” ಎಂದರು ದೊಡ್ಡ ಮೇಡಂ. “ಇನ್‌ಸ್ಪೆಕ್ಟರು ಮೆಚ್ಚಿದ್ರೆ ಆ ಪೀರಿಯಡ್ ಡ್ರಿಲ್ ಮೇಷ್ಟ್ರದ್ದು. ಮೆಚ್ಚದೆ ಹೋದ್ರೆ ಆ ಚೆಂಡನ್ನ ಬೀರುವಿಗೆ ಹಾಕಿ ನಾನೇ ಬೀಗ ಹಾಕ್ತೀನಿ. ದಿನಾ ಅದನ್ನ ನೋಡಿ ನೋಡಿ ಆ ಮಕ್ಕಳಿಗೂ ಹೊಟ್ಟೆ ಉರೀತದೆ.”

ಕಲಿಕೆ ಪ್ರಯೋಗಶಾಲೆಯಲ್ಲಿ ಶುರುವಾಯಿತು. ಪುಸ್ತಕ ತೆರೆದರೆ ಡ್ರಿಲ್ ಮೇಷ್ಟ್ರಿಗೆ ಅಕ್ಷರಗಳು ಇರುವೆ ಸಾಲಿನ ಹಾಗೆ ಕಂಡವು. ಅವರ ಕಂಗಾಲು ಮುಖ ನೋಡಿ ವಿಜ್ಞಾನದ ಟೀಚರಿಗೆ ಮರುಕ ಹುಟ್ಟಿತು. ಪುಸ್ತಕ ಮುಚ್ಚಿಟ್ಟು, ಎದುರು ನಿಂತು, ಕೈಸನ್ನೆಯಲ್ಲೇ ಹೇಳಿಕೊಡತೊಡಗಿದರು.

ಅಲ್ಲಿಗೆ ಡ್ರಿಲ್ ಮೇಷ್ಟ್ರ ಮುಖ ಅರಳಿತು. ಎದುರಿಗೆ ನಿಂತವರು ಕೈಕಾಲು ಆಡಿಸಿದರೆ ಅವರಿಗೆ ಒಂದೇ ಸಲಕ್ಕೆ ಬರುತ್ತದೆ. ಟೀಚರು ಕೈ ಅಗಲಿಸಿ ಬೆರಳಾಡಿಸಿ, ಆಕಾಶದಲ್ಲಿ ಹರಡಿದ ಅನಿಲವನ್ನೂ ಧೂಳನ್ನೂ ತೋರಿಸಿದರು. “ಒಂದು. ಕೈ ಅಗಲ, ಬೆರಳು ಅಲುಗು,” ಎಂದು ಇವರು ಮನಸ್ಸಿಗೆ ಹಾಕಿಕೊಂಡರು. ಟೀಚರು ಎಲ್ಲವನ್ನೂ ಬಾಚಿ ಎದೆಯ ಹತ್ತಿರ ತಂದರು. “ಎರಡು.” ಮುಷ್ಟಿ ಬಿಗಿದು, ಬಿಸಿಯೆಂದು ಸೆರಗಿನಿಂದ ಗಾಳಿ ಹಾಕಿಕೊಂಡರು. “ಮೂರು.” ಒಂದು ಅಂಗೈಯಿಂದ ಇನ್ನೊಂದು ಅಂಗೈಯನ್ನು ಒತ್ತಿ ಅಲುಗದೆ ನಿಂತರು. “ನಾಲ್ಕು.” ಕೆನ್ನೆ ಉಬ್ಬಿಸಿ ತೋಳುಗಳನ್ನು ಹಂಡೆಯ ಹಾಗೆ ಮಾಡಿದರು. “ಐದು.”

ಅಷ್ಟರಲ್ಲಿ ಪಾಪ ಆಕೆಗೆ ಕೆಮ್ಮು ಬಂತು. ಸೊಂಟ ಬಗ್ಗಿಸಿ, ಬಿಟ್ಟು ಬಿಟ್ಟು ಕೆಮ್ಮಿ, ನೀರಿಗಾಗಿ ಬಲಗೈ ಬೀಸಿದರು.

“ಆರು,” ಎಂದು ಡ್ರಿಲ್ ಮೇಷ್ಟ್ರು ಶ್ರದ್ಧೆಯಿಂದ ಬಗ್ಗಿದರು. “ಬಗ್ಗು, ಕೆಮ್ಮು, ಕೈ ಬೀಸು.”

ಇದು ಪಾಠವಲ್ಲ ಎಂದು ಹೇಳಲು ಟೀಚರು ಗಾಬರಿಯಿಂದ ತಲೆ ಅಲ್ಲಾಡಿಸಿದರು.

“ಏಳು. ತಲೆ ಎಡಕ್ಕೆ, ಬಲಕ್ಕೆ.”

ಗಂಟೆ ಹೊಡೆಯಿತು. ಟೀಚರು ಹಣೆಗೆ ಕೈಹಚ್ಚಿ ನಿಂತವರು, ತಮ್ಮ ಬಿಸಿನೀರಿನ ಫ್ಲಾಸ್ಕನ್ನು ಅವರ ಕೈಗಿಟ್ಟು, ಬೆನ್ನು ತಟ್ಟಿ ಕಳಿಸಿದರು. ಆ ದಿನ ಆ ನೀರು ಹೆಚ್ಚು ಬೇಕಾಗಿದ್ದದ್ದು ಆಕೆಯ ಗಂಟಲಿಗೇ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಮೆಟ್ಟಿಲ ಹತ್ತಿರ ಗಣಿತದ ಮೇಷ್ಟ್ರು ಅಡ್ಡ ಬಂದರು. “ನಿಲ್ರೀ. ಕಾಲರ್ ಮಡಚಿಕೊಂಡಿದೆ,” ಎಂದು ಸರಿ ಮಾಡಿದರು. “ದೂರ ಎಷ್ಟು ಅಂತ ಕೇಳಿದ್ರೆ ಇದನ್ನ ಹೇಳಿ. ನಿಮ್ಮ ಫುಟ್‌ಬಾಲ್ ಸೂರ್ಯ ಅಂದ್ಕೊಂಡ್ರೆ ಭೂಮಿ ಒಂದು ಸಾಸಿವೆ ಕಾಳು, ಅಲ್ಲಿ ಗೋಲ್ ಕಂಬದ ಹತ್ರ ಇರುತ್ತೆ. ಪಕ್ಕದ ನಕ್ಷತ್ರ ಸಮುದ್ರ ದಾಟಿ ಬೇರೆ ಖಂಡದಲ್ಲಿರುತ್ತೆ.”

“ನೀವು ನನಗೆ ಯಾಕೆ ಹೇಳಿಕೊಡ್ತೀರಿ ಸಾರ್? ನಾನು ಗೆದ್ರೆ ನಿಮಗೇ ನಷ್ಟ.”

“ನಿಮ್ಮ ಮೇಲಿನ ಪ್ರೀತಿಗೇನಲ್ಲ. ಶಾಲೆ ಮರ್ಯಾದೆ ಹೋಗಬಾರದು ಅಂತ,” ಎಂದು ಅವರು ಸಿಡುಕಿಕೊಂಡೇ ಹೋದರು.

ಇನ್‌ಸ್ಪೆಕ್ಟರು ಉದ್ದಕ್ಕೆ, ತೆಳ್ಳಗೆ, ಮಳೆಯಿಲ್ಲದ ದಿನ ಹಿಡಿದ ಕೊಡೆಯ ಹಾಗಿದ್ದರು. ಹೋದ ಹೋದ ಶಾಲೆಯಲ್ಲೂ ಅದೇ ಕಪ್ಪುಹಲಗೆ, ಅದೇ ಪಾಠ, ಅದೇ ಬಿಸ್ಕತ್ತು ಕಂಡು ಅವರಿಗೆ ಜೀವನವೇ ಒಣಗಿಹೋಗಿತ್ತು. ಹಿಂದಿನ ಕುರ್ಚಿಯಲ್ಲಿ ಕೂತು “ಹೂಂ, ಶುರು ಮಾಡಿ,” ಎಂದರು.

“ನಕ್ಷತ್ರ ಅಂದ್ರೆ...” ಡ್ರಿಲ್ ಮೇಷ್ಟ್ರು ಒಂದು ಗುಟುಕು ನೀರು ಕುಡಿದರು. “ನಕ್ಷತ್ರ ಅಂದ್ರೆ...” ಇನ್ನೊಂದು ಗುಟುಕು. ಹೀಗೆಯೇ ಫ್ಲಾಸ್ಕು ಖಾಲಿಯಾಯಿತು. ನಕ್ಷತ್ರ ಹುಟ್ಟಲಿಲ್ಲ.

ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಎಲ್ಲದಕ್ಕೂ “ಯಾಕೆ ಸಾರ್?” ಎಂದು ಕೇಳಿ ಕೇಳಿ ಅವಳಿಗೆ ‘ಯಾಕೆ’ ಎಂದೇ ಹೆಸರು ಬಿದ್ದಿತ್ತು. ಆ ಯಾಕೆ ಕೂಡ ಅವತ್ತು ಬಾಯಿ ಬಿಗಿಹಿಡಿದು ಕೂತಿದ್ದಳು. ಮೇಷ್ಟ್ರು ಗೆದ್ದರೆ ಚೆಂಡು, ಸೋತರೆ ಬೀರು ಎಂಬ ಸುದ್ದಿ ಮಕ್ಕಳಿಗೆ ಆಗಲೇ ಮುಟ್ಟಿತ್ತು.

ಭಯದಲ್ಲಿ ಬಾಯಿ ತನಗೆ ರೂಢಿಯಿದ್ದದ್ದನ್ನೇ ಹೇಳುತ್ತದೆ. “ಎಲ್ಲಾ ಎದ್ದು ನಿಲ್ಲಿ,” ಎಂದಿತು ಡ್ರಿಲ್ ಮೇಷ್ಟ್ರ ಬಾಯಿ. “ಸಾಲಾಗಿ ಮೈದಾನಕ್ಕೆ ನಡೀರಿ.”

ಜಗಲಿಯ ಕೊನೆಯವರೆಗೆ ಸಾಲು ನೆಟ್ಟಗೇ ಇತ್ತು. ಮೈದಾನದ ಮಣ್ಣು ಕಾಲಿಗೆ ತಾಗಿದ್ದೇ ತಡ, ಮೂಟೆ ಬಿಚ್ಚಿ ಸುರಿದ ಕಾಳಿನ ಹಾಗೆ ಮಕ್ಕಳು ದಿಕ್ಕುದಿಕ್ಕಿಗೆ ಚೆಲ್ಲಿಹೋದರು. ಎಷ್ಟೋ ದಿನಗಳ ಓಟ ಕಾಲಲ್ಲಿ ಕೂಡಿಬಿದ್ದಿತ್ತು. ಧೂಳೆದ್ದು ಶಾಲೆಯೇ ಮಸುಕಾಯಿತು.

ಇನ್‌ಸ್ಪೆಕ್ಟರ ಕುರ್ಚಿಯನ್ನು ಶಾಲೆಯ ಆಯಮ್ಮ ಹೊತ್ತು ತಂದು ಹಾಕಿ, ಅವರ ಕೈಗೆ ಟೀ ಕೊಟ್ಟಳು. ಅವರು ಕೂರದೆ ಕೇಳಿದರು. “ಏನ್ರೀ ಇದು? ಪಾಠನಾ, ಸಂತೆನಾ?”

ಡ್ರಿಲ್ ಮೇಷ್ಟ್ರಿಗೆ ಬೀರುವಿನ ಬೀಗ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಯಾಕೆ ಏದುಸಿರು ಬಿಡುತ್ತ ಓಡಿಬಂದಳು. “ಸಾರ್, ಇದು ನೀಹಾರಿಕೆ. ನಕ್ಷತ್ರ ಹುಟ್ಟೋಕೆ ಮುಂಚೆ ಅನಿಲ, ಧೂಳು ಎಲ್ಲ ಹೀಗೇ ಚೆಲ್ಲಾಪಿಲ್ಲಿ ಇರುತ್ತೆ. ನಾವು ಅನಿಲ.”

“ಮತ್ತೆ ಧೂಳು?”

“ಧೂಳು ಧೂಳೇ ಸಾರ್.”

ಇನ್‌ಸ್ಪೆಕ್ಟರು ಸೀನಿ ಕುರ್ಚಿಯಲ್ಲಿ ಕೂತರು. ಡ್ರಿಲ್ ಮೇಷ್ಟ್ರಿಗೆ ಹೋದ ಜೀವ ಬಂತು. ಸೀಟಿ ಊದಿ “ಎರಡು” ಎಂದು ಕೂಗಿ, ಗಾಳಿಯನ್ನೆಲ್ಲ ಎದೆಗೆ ಬಾಚಿ ತೋರಿಸಿದರು. ಮಕ್ಕಳಿಗೆ ವಾರವಿಡೀ ಟೀಚರ ಕೈಸನ್ನೆ ನೋಡಿ ಅಭ್ಯಾಸವಾಗಿತ್ತು. ಎಲ್ಲರೂ ನಡುವಿಗೆ ನುಗ್ಗಿ ಒಂದೇ ಉಂಡೆಯಾದರು.

“ಯಾರು ಕರೆದ್ರು ಅಂತ ಹೀಗೆ ಕೂಡಿಕೊಂಡ್ರಿ?” ಇನ್‌ಸ್ಪೆಕ್ಟರು ಕೇಳಿದರು.

“ಗುರುತ್ವ ಸಾರ್. ಅದು ಎಲ್ಲರನ್ನೂ ಒಳಗೆ ಎಳೀತದೆ.”

“ಮೂರು,” ಎಂದರು ಡ್ರಿಲ್ ಮೇಷ್ಟ್ರು. “ಬಿಸಿ ಆಯ್ತಾ?”

“ಬೆವರು ಇಳೀತಿದೆ ಸಾರ್,” ಎಂದು ಉಂಡೆ ಹೇಳಿತು. ಅದರ ಹೊಟ್ಟೆಯೊಳಗಿನಿಂದ ಯಾರೋ ಒಬ್ಬ, ಹಿಂಡಿದ ನಿಂಬೆಹಣ್ಣಿನಂಥ ದನಿಯಲ್ಲಿ, “ಇಲ್ಲಿ ತಿರುಳಲ್ಲಿ ಹೈಡ್ರೋಜನ್ ಸೇರಿ ಸೇರಿ ಹೀಲಿಯಂ ಆಗ್ತಿದೆ ಸಾರ್. ಅದಕ್ಕೇ ಬೆಳಕು. ಸ್ವಲ್ಪ ಬೇಗ ನಾಲ್ಕು ಹೇಳಿ,” ಎಂದ.

“ನಾಲ್ಕು.” ಒಳಗಿನವರು ಹೊರಕ್ಕೆ ಒತ್ತಿದರು, ಹೊರಗಿನವರು ಒಳಕ್ಕೆ ಒತ್ತಿದರು. ಉಂಡೆ ಅಲುಗದೆ ನಿಂತಿತು. ಇಷ್ಟು ಹೊತ್ತು ತಡೆದುಕೊಂಡಿದ್ದ ಯಾಕೆಗೆ ಇನ್ನು ತಡೆಯಲಾಗಲಿಲ್ಲ. “ಸಾರ್, ಇಷ್ಟು ಒತ್ತಿದ್ರೂ ನಕ್ಷತ್ರ ಯಾಕೆ ಕುಸಿಯಲ್ಲ?”

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಡ್ರಿಲ್ ಮೇಷ್ಟ್ರು ಉಂಡೆಯನ್ನೇ ನೋಡಿದರು. ಕೆಂಪೇರಿದ ಮುಖಗಳು, ನೆಲಕ್ಕೆ ಊರಿದ ಕಾಲುಗಳು, ಯಾವ ಕಡೆಗೂ ಸರಿಯದ ಸಾಲು. ಇದನ್ನು ಅವರು ಇಪ್ಪತ್ತು ವರ್ಷದಿಂದ ನೋಡಿದ್ದರು.

“ಹಗ್ಗಜಗ್ಗಾಟ ಕಣಮ್ಮ,” ಎಂದರು. “ಎರಡು ಕಡೆಯೂ ಸಮ ಬಲ ಇದ್ರೆ ಹಗ್ಗ ಅಲ್ಲಾಡಲ್ಲ. ಹಾಗಂತ ಯಾರೂ ಸುಮ್ಮನೆ ನಿಂತಿಲ್ಲ. ಗುರುತ್ವ ಒಳಗೆಳೀತದೆ, ಬಿಸಿ ಹೊರಗೆ ತಳ್ತದೆ. ಸೂರ್ಯ ನೋಡೋಕೆ ಎಷ್ಟು ನಿಶ್ಚಿಂತೆಯಾಗಿ ಕಾಣ್ತಾನೆ, ಆದ್ರೆ ದಿನಾ ಹಗ್ಗ ಹಿಡ್ಕೊಂಡೇ ಇದಾನೆ.”

ಇನ್‌ಸ್ಪೆಕ್ಟರು ಕನ್ನಡಕ ಸರಿಮಾಡಿಕೊಂಡರು. “ಇನ್ನೂ ಎಷ್ಟು ಕಾಲ ಹಿಡ್ಕೊಂಡಿರ್ತಾನೆ?”

ಡ್ರಿಲ್ ಮೇಷ್ಟ್ರು ಸುತ್ತ ನೋಡಿದರು. ಎಂಟನೇ ತರಗತಿಯ ಕಿಟಕಿಯಲ್ಲಿ ಗಣಿತದ ಮೇಷ್ಟ್ರು ಐದು ಬೆರಳು ಚಾಚಿ ನಿಂತಿದ್ದರು. “ಐದು,” ಎಂದರು ಇವರು. “ನೂರು ಕೋಟಿ ವರ್ಷ, ಸಾರ್,” ಎಂದು ಉಂಡೆ ವಾಕ್ಯ ಮುಗಿಸಿಕೊಟ್ಟಿತು.

“ಸೂರ್ಯನಿಗಿಂತ ತುಂಬ ದೊಡ್ಡ ನಕ್ಷತ್ರ ಇದ್ರೆ? ಅದಕ್ಕೆ ಉರುವಲು ಜಾಸ್ತಿ. ಇನ್ನೂ ಹೆಚ್ಚು ಬದುಕಬೇಕಲ್ಲ?” ಎಂದರು ಇನ್‌ಸ್ಪೆಕ್ಟರು.

“ಇಲ್ಲ ಸಾರ್, ಅದು ಬೇಗ ಮುಗಿದುಹೋಗುತ್ತೆ,” ಎಂದಳು ಯಾಕೆ.

“ಯಾಕೆ?”

ಜೀವನದಲ್ಲಿ ಮೊದಲ ಸಲ ಯಾರೋ ಅವಳನ್ನೇ ಆ ಮಾತು ಕೇಳಿದ್ದರು. ಅವಳು ಕಣ್ಣುಕಣ್ಣು ಬಿಟ್ಟಳು. ಡ್ರಿಲ್ ಮೇಷ್ಟ್ರೇ ಕೈಹಿಡಿದರು. “ನೂರು ಮೀಟರ್ ಓಡೋನು ದೈತ್ಯನ ಹಾಗಿರ್ತಾನೆ ಸಾರ್, ಆದ್ರೆ ಒಂದೇ ಉಸಿರಿಗೆ ಎಲ್ಲ ಉರಿಸಿಬಿಡ್ತಾನೆ. ಮೈಲಿಗಟ್ಟಲೆ ಓಡೋನು ಬಡಕಲ. ಮೆಲ್ಲಗೆ ಖರ್ಚು ಮಾಡ್ತಾನೆ, ಸಾಯಂಕಾಲದವರೆಗೂ ಓಡ್ತಾನೆ.”

ಇನ್‌ಸ್ಪೆಕ್ಟರು ‘ಹೂಂ’ ಎಂದರು. ಮೊದಲಿನ ‘ಹೂಂ’ಗಿಂತ ಇದು ಸ್ವಲ್ಪ ಒದ್ದೆಯಾಗಿತ್ತು.

ಹುರುಪಿನಲ್ಲಿ ಡ್ರಿಲ್ ಮೇಷ್ಟ್ರು “ಐದು” ಎಂದು ಕೂಗಿದರು. ನಡುವೆ ಕೆಲವರು ಕುಗ್ಗಿ ಕೂತರು. ಉಳಿದವರು ಕೈಕೈ ಹಿಡಿದು ಸುತ್ತುಗಟ್ಟಿ ಹಿಂದಕ್ಕೆ ಹಿಂದಕ್ಕೆ ಸರಿಯತೊಡಗಿದರು. ಹಿಂದಕ್ಕೆ ಸರಿಯುವವರಿಗೆ ಹಿಂದೆ ಏನಿದೆ ಎಂದು ಕಾಣುವುದಿಲ್ಲವಷ್ಟೆ. ಮೊದಲು ಆಯಮ್ಮನ ನೆಲ ಒರೆಸುವ ಬಕೀಟು ಒಳಗೆ ಹೋಯಿತು. ಆಮೇಲೆ ಹಿಡಿದ ಕೈಗಳು ಇನ್‌ಸ್ಪೆಕ್ಟರ ತಲೆಯ ಮೇಲೆ ಹಾದು, ಅವರೂ ಕುರ್ಚಿ ಸಮೇತ ಒಳಗಾದರು. ಕೈಯಲ್ಲಿದ್ದ ಟೀ ಅಂಗಿಯ ಮೇಲಾಯಿತು.

“ಇದೇನಿದು?” ಇನ್‌ಸ್ಪೆಕ್ಟರ ಮುಖ ಕೆಂಪಾಯಿತು.

“ಕೆಂಪು ದೈತ್ಯ ಸಾರ್,” ಎಂದಳು ಯಾಕೆ. “ಉರುವಲು ಮುಗಿಯುತ್ತಾ ಬಂದಾಗ ಸೂರ್ಯನೂ ಹೀಗೇ ಊದಿಕೊಂಡು ಹತ್ತಿರದ ಗ್ರಹಗಳನ್ನ ನುಂಗ್ತಾನೆ. ಬಕೀಟು ಬುಧ, ನೀವು ಶುಕ್ರ.”

“ಮತ್ತೆ ನಾನು?” ಪಕ್ಕದಲ್ಲಿ ನಿಂತಿದ್ದ ದೊಡ್ಡ ಮೇಡಂ ಎರಡು ಹೆಜ್ಜೆ ಹಿಂದೆ ಸರಿದು ಕೇಳಿದರು.

“ನೀವು ಭೂಮಿ ಮೇಡಂ. ನಿಮ್ಮ ಗತಿ ಏನಾಗುತ್ತೆ ಅಂತ ಇನ್ನೂ ಖಚಿತ ಇಲ್ಲ.”

ಕೆಂಪಾದ ನಕ್ಷತ್ರದ ಹೊರಮೈ ತಣ್ಣಗಾಗಿರುತ್ತದೆ, ನೀಲಿಯದೇ ಹೆಚ್ಚು ಬಿಸಿ ಎಂದು ಮಕ್ಕಳು ಕೂಗಿ ಹೇಳಿದರು. ಕೆಂಪಾದ ಇನ್‌ಸ್ಪೆಕ್ಟರ ವಿಷಯ ಪಾಠದಲ್ಲಿ ಇರಲಿಲ್ಲ. ಡ್ರಿಲ್ ಮೇಷ್ಟ್ರು ಆದದ್ದಾಗಲಿ ಎಂದು ಬೇಗಬೇಗನೆ “ಆರು” ಎಂದರು. ತಾವೇ ಸೊಂಟ ಬಗ್ಗಿಸಿ ಕೆಮ್ಮಿ, ಕೈ ಬೀಸಿ ತೋರಿಸಿದರು. ಮಕ್ಕಳು ಮುಖಮುಖ ನೋಡಿಕೊಂಡರು. ಮೇಷ್ಟ್ರನ್ನು ಕೈಬಿಡಲು ಯಾರಿಗೂ ಮನಸ್ಸಾಗಲಿಲ್ಲ. ಇಡೀ ತರಗತಿ ಒಂದೇ ತಾಳಕ್ಕೆ ಬಗ್ಗಿ ಕೆಮ್ಮಿತು.

ಜಗಲಿಯಲ್ಲಿ ನಿಂತಿದ್ದ ವಿಜ್ಞಾನದ ಟೀಚರು ಸೆರಗಿನಿಂದ ಮುಖ ಮುಚ್ಚಿಕೊಂಡರು.

“ಈ ಕೆಮ್ಮು ಯಾವ ಪುಸ್ತಕದಲ್ಲಿದೆ?” ಎಂದರು ಇನ್‌ಸ್ಪೆಕ್ಟರು.

 ಕೆಮ್ಮಿನ ರಭಸಕ್ಕೆ ಸುತ್ತುಗಟ್ಟಿದವರು ಒಂದೊಂದು ಸಲಕ್ಕೂ ಒಂದೊಂದು ಹೆಜ್ಜೆ ಹಿಂದೆ ಹೋಗಿದ್ದರು. ಯಾಕೆ ಅದನ್ನು ನೋಡಿದಳು. ಅವಳ ಕಣ್ಣು ಹೊಳೆಯಿತು. “ಸಾರ್, ಕೆಂಪು ದೈತ್ಯ ತನ್ನ ಹೊರಗಿನ ಪದರನ್ನೆಲ್ಲ ಬಿಟ್ಟುಬಿಡುತ್ತೆ. ಆದ್ರೆ ಒಂದೇ ಸಲಕ್ಕಲ್ಲ. ಕೆಮ್ಮಿದ ಹಾಗೆ, ತಡೆದು ತಡೆದು. ಕೊನೆಗೆ ನಡುವೆ ಪುಟ್ಟ ತಿರುಳು ಮಾತ್ರ ಉಳಿಯುತ್ತೆ. ಅದೇ ಶ್ವೇತ ಕುಬ್ಜ.”

ನಡುವೆ ಕುಗ್ಗಿ ಕೂತಿದ್ದವರು ಕೈಯೆತ್ತಿ “ನಾವೇ ಸಾರ್,” ಎಂದರು.

ಇನ್‌ಸ್ಪೆಕ್ಟರು ಅಂಗಿಯ ಟೀ ಒರೆಸುವುದನ್ನು ಮರೆತರು. “ನಿಜ. ತಡೆದು ತಡೆದೇ,” ಎಂದು ತಮಗೇ ಹೇಳಿಕೊಂಡರು. “ಇನ್ನು ಆ ದೊಡ್ಡ ನಕ್ಷತ್ರದ ಸಾವು ತೋರಿಸಿ.”

ಡ್ರಿಲ್ ಮೇಷ್ಟ್ರ ಹತ್ತಿರ ಉಳಿದದ್ದು ಏಳು ಮಾತ್ರ. “ಏಳು,” ಎಂದರು. ಎಲ್ಲರೂ ತಲೆ ಎಡಬಲ ಆಡಿಸಿದರು. ಅದರಿಂದ ಏನೂ ಆಗಲಿಲ್ಲ.

“ಸಾರ್, ನೀವು ನಡುವೆ ನಿಂತು ಸೀಟಿ ಊದಿ ಸಾಕು. ಉಳಿದದ್ದು ನಮಗೆ ಬಿಡಿ,” ಎಂದು ಯಾಕೆ ಪಿಸುಗುಟ್ಟಿದಳು.

ಅವರು ಊದಿದರು. ಎಲ್ಲ ಮಕ್ಕಳೂ ಹೋ ಎಂದು ಅವರ ಮೇಲೆ ನುಗ್ಗಿ, ಬಡಿದು, ಪುಟಿದು, ನಾಲ್ಕೂ ದಿಕ್ಕಿಗೆ ಸಿಡಿದರು. ಒಬ್ಬೊಬ್ಬರು ಹೋಗುವಾಗ ಭುಜಕ್ಕೊಂದು ತಾಗಿಸಿಕೊಂಡು ಹೋದದ್ದರಿಂದ ಡ್ರಿಲ್ ಮೇಷ್ಟ್ರು ಬುಗುರಿಯ ಹಾಗೆ ಗಿರಗಿರನೆ ತಿರುಗಿದರು. ಸೀಟಿ ಹಲ್ಲಲ್ಲೇ ಸಿಕ್ಕಿತ್ತು. ಒಂದು ಸುತ್ತಿಗೊಂದು ಏದುಸಿರು, ಒಂದು ಉಸಿರಿಗೊಂದು ಪೀಪ್.

ಇನ್‌ಸ್ಪೆಕ್ಟರು ಕುರ್ಚಿ ಬಿಟ್ಟು ಎದ್ದರು. “ಅದೇ, ಅದೇ. ಸೂಪರ್‌ನೋವಾ ಸಿಡಿದ ಮೇಲೆ ಉಳಿಯೋ ತಿರುಳು ಹೀಗೇ ತಿರುಗುತ್ತೆ. ಸುತ್ತಿಗೊಂದು ಮಿಡಿತ ನಮಗೆ ಕೇಳ್ಸುತ್ತೆ. ಇಷ್ಟು ವರ್ಷ ಬಾಯಿಪಾಠ ಮಾಡಿದ್ದೆ ಕಣ್ರೀ, ಕಣ್ಣಾರೆ ನೋಡಿದ್ದು ಇವತ್ತು.”

ಮೈದಾನದ ಮೂಲೆಮೂಲೆಯಿಂದ ಸಿಡಿದ ಚೂರುಗಳು ಕೂಗಿದವು. “ನಾನು ಕಬ್ಬಿಣ ಸಾರ್, ನಿಮ್ಮ ರಕ್ತದಲ್ಲಿದೀನಿ.” “ನಾನು ಕ್ಯಾಲ್ಸಿಯಂ, ಮೇಡಂ ಹಲ್ಲಿನಲ್ಲಿದೀನಿ.” ಇನ್‌ಸ್ಪೆಕ್ಟರು ನಕ್ಕರು. ಆ ಮುಖಕ್ಕೆ ನಗುವ ಜಾಗ ಇದೆ ಎಂದು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ.

ತಲೆಸುತ್ತು ನಿಂತು ಕಣ್ಣು ಬಿಟ್ಟಾಗ ಡ್ರಿಲ್ ಮೇಷ್ಟ್ರಿಗೆ ಮೊದಲು ಕಂಡದ್ದು ದೊಡ್ಡ ಮೇಡಂ ಅವರ ಮುಖ. “ಗೆದ್ರಿ ಮೇಷ್ಟ್ರೇ. ಪೀರಿಯಡ್ ನಿಮ್ದು.”

ಊಟದ ಹೊತ್ತು ಅವರಿಗೆ ಹಸಿವೇ ಆಗಲಿಲ್ಲ. ಬಿಸಿಲಲ್ಲಿ ಮೈದಾನಕ್ಕಿಳಿದು, ಸುಣ್ಣದ ಪುಡಿ ಹಿಡಿದು, ಅಳಿಸಿಹೋಗಿದ್ದ ಗೆರೆಗಳನ್ನೆಲ್ಲ ಹೊಸದಾಗಿ ಎಳೆದರು. ಹಗ್ಗದ ಇನ್ನೊಂದು ತುದಿಯನ್ನು ಆಯಮ್ಮ ತನ್ನ ಊಟ ಬಿಟ್ಟು ಬಂದು ಹಿಡಿದಳು. ಗಣಿತದ ಮೇಷ್ಟ್ರು ಜಗಲಿಯಲ್ಲಿ ನಿಂತು ನೋಡಿ, “ಆ ಗೆರೆ ಸೊಟ್ಟ ಆಯ್ತು ನೋಡ್ರೀ,” ಎಂದು ಎರಡು ಸಲ ತಿದ್ದಿಸಿದರು. ಕೊನೆಗೆ “ಒಳ್ಳೇದಾಯ್ತು ಬಿಡಿ. ಮಕ್ಕಳೂ ಮಂಕಾಗಿದ್ವು,” ಎಂದರು. ಡ್ರಿಲ್ ಮೇಷ್ಟ್ರಿಗೆ ಅವರ ಮೇಲಿದ್ದ ಹಳೆಯ ಸಿಟ್ಟೆಲ್ಲ ಅಲ್ಲೇ ಕರಗಿತು.

ಕೊನೆಯ ಗಂಟೆ ಹೊಡೆಯಿತು. ಚೆಂಡು ಕಂಕುಳಲ್ಲಿ ಅಮರಿಸಿಕೊಂಡು ಅವರು ಏಳನೇ ತರಗತಿಯ ಬಾಗಿಲಿಗೆ ಹೋದರು. ಒಳಗೆ ಎ ಇರಲಿಲ್ಲ, ಬಿ ಇರಲಿಲ್ಲ. ಮಕ್ಕಳು ಮಾತ್ರ ಇದ್ದರು. ಅವರೆಬ್ಬಿಸಿದ ಹರ್ಷೋದ್ಗಾರಕ್ಕೆ ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಎಲ್ಲರನ್ನೂ ಹಿಂದೆ ಕಟ್ಟಿಕೊಂಡು ಜಗಲಿಯ ಕೊನೆಗೆ ಬಂದವರು ಗಕ್ಕನೆ ನಿಂತರು.

ಮೈದಾನ ತುಂಬಿತ್ತು. ಹೊಸ ಗೆರೆಗಳ ಮೇಲೆ ಎಂಟನೇ ತರಗತಿ ತ್ರಿಕೋನವಾಗಿ ನಿಂತಿತ್ತು. ಗಣಿತದ ಮೇಷ್ಟ್ರು “ಮೂರನೇ ಕೋನ, ಸ್ವಲ್ಪ ಕಿರಿದಾಗಪ್ಪ,” ಎನ್ನುತ್ತಿದ್ದರು. ಗೋಲ್ ಕಂಬದ ಹತ್ತಿರ ಆರನೇ ತರಗತಿಯವರು ಕರ್ತೃ, ಕರ್ಮ, ಕ್ರಿಯಾಪದಗಳಾಗಿ ಒಬ್ಬರ ಹಿಂದೊಬ್ಬರು ಓಡುತ್ತಿದ್ದರು. ಆಚೆ ಚರಿತ್ರೆಯ ಟೀಚರು ಎರಡು ಸೈನ್ಯಗಳನ್ನು ಎದುರುಬದುರು ನಿಲ್ಲಿಸಿ, ಯುದ್ಧಕ್ಕೆ ಮೊದಲು ಇಸವಿ ಹೇಳಿಸುತ್ತಿದ್ದರು. ಮರದ ನೆರಳಲ್ಲಿ ಇನ್‌ಸ್ಪೆಕ್ಟರು ಹೊಸ ಟೀ ಹಿಡಿದು ಪರಮಾನಂದದಿಂದ ಕೂತಿದ್ದರು.

“ಬನ್ನಿ ಬನ್ನಿ,” ಎಂದರು ದೊಡ್ಡ ಮೇಡಂ. “ಸಾಹೇಬರು ಎಷ್ಟು ಮೆಚ್ಚಿದಾರೆ ಗೊತ್ತಾ? ಇವತ್ತಿನಿಂದ ದಿನಾ ಕೊನೇ ಪೀರಿಯಡ್ ಎಲ್ಲ ಕ್ಲಾಸಿಗೂ ಮೈದಾನದಲ್ಲೇ ಪಾಠ. ನಿಮ್ಮ ಪದ್ಧತಿ ಅಂತಾನೇ ಹೆಸರಿಟ್ಟಿದಾರೆ.”

“ಮತ್ತೆ ನನ್ನ ಪೀರಿಯಡ್ಡು ಮೇಡಂ?”

“ಅದಕ್ಕೇನು, ಅದು ನಿಮ್ದೇ. ಏಳನೇ ಕ್ಲಾಸನ್ನ ಯಾರೂ ಕೇಳಿಲ್ಲ, ಕೇಳಿದ್ರೂ ನಾನು ಕೊಡಲ್ಲ. ಇಲ್ಲಿ ಮಾತ್ರ ಕಾಲಿಡೋಕೆ ಜಾಗ ಇಲ್ಲ ನೋಡಿ. ನಿಮ್ಮ ಕ್ಲಾಸ್ ರೂಮು ಹೇಗೂ ಖಾಲಿ ಇದೆಯಲ್ಲ.”

ಡ್ರಿಲ್ ಮೇಷ್ಟ್ರು ಚೆಂಡು ಹಿಡಿದು ತಿರುಗಿದರು. ಸಾಲು ಮೆಲ್ಲಗೆ ಹಿಂದಿರುಗಿತು. ಅವರ ಮುಖ ನೋಡಲಾರದೆ ಮಕ್ಕಳೇ ಬೆಂಚುಗಳನ್ನು ಗೋಡೆಗೆ ಸರಿಸಿದರು. “ಮೇಜಿನ ಕಾಲು ಗೋಲ್ ಸಾರ್,” ಎಂದ ಒಬ್ಬ. “ಕೂತ್ಕೊಂಡು ಆಡೋಣ, ಆಗ ಜಾಗ ಸಾಲುತ್ತೆ,” ಎಂದಳು ಯಾಕೆ. ಮೇಷ್ಟ್ರು ಚೆಂಡನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿದರು. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ, ಬೆಂಚಿಗೆ ಬಡಿದು, ಕಸದ ಬುಟ್ಟಿ ಕೆಡವಿ, ಮೇಜಿನ ಕಾಲುಗಳ ನಡುವೆ ತೂರಿತು. ಗೋಲ್ ಎಂದು ಇಡೀ ತರಗತಿ ಕೂಗಿತು. ಬಹಳ ದಿನಗಳ ಮೇಲೆ ಡ್ರಿಲ್ ಮೇಷ್ಟ್ರೂ ಮಕ್ಕಳ ಜೊತೆ ಕೂಗಿದರು.

ಬಾಗಿಲಲ್ಲಿ ಆಯಮ್ಮ ಬಂದು ನಿಂತಳು. ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತಿದಳು.

“ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಗಣಿತದ ಮೇಷ್ಟ್ರು ಹೇಳಿ ಕಳಿಸಿದ್ರು. ಹೊರಗೆ ಪಾಠ ನಡೀತಾ ಇದೆಯಂತೆ, ಒಳಗೆ ಸ್ವಲ್ಪ ಗಲಾಟೆ ಕಮ್ಮಿ ಮಾಡ್ಬೇಕಂತೆ.”